ಪಂಕ್ಚರ್ ಮಾವನ ಸೊಸೆಗೆ ಯಾವ ವಿಮೆ?

ಪಕ್ಕದ ಸೈಕಲ್ ಅಂಗಡಿಯ ಸೊಸೆಗೆ ಬೆಳಗಿನ ಹೊತ್ತು ಟೀ ಲೋಟ ಹಿಡಿಯುವುದಕ್ಕೇ ಆಗುತ್ತಿರಲಿಲ್ಲ. ಎರಡೂ ಅಂಗೈಗಳ ನಡುವೆ ಲೋಟವನ್ನು ಒತ್ತಿ ಹಿಡಿದು, ಮುಖವನ್ನೇ ಲೋಟದ ಹತ್ತಿರ ತಂದು, ಗುಬ್ಬಚ್ಚಿಯ ಹಾಗೆ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. "ಏನಮ್ಮಾ, ಚಳಿನಾ?" ಎಂದು ನಾನು ಕೇಳಿದರೆ "ಹೂಂ ಅಕ್ಕಾ, ಚಳಿ" ಎಂದು ನಗುತ್ತಿದ್ದಳು. ಬೇಸಿಗೆಯಲ್ಲೂ ಅದೇ ಉತ್ತರ ಬಂದಾಗ ನನಗೆ ಅನುಮಾನ ಶುರುವಾಯಿತು.

ನಾನು ಆ ಬೀದಿಯ ಝೆರಾಕ್ಸ್ ಅಂಗಡಿಯವಳು. ಒಂದು ಹಳೆಯ ಮಷೀನು, ಒಂದು ಕಂಪ್ಯೂಟರು, ಎರಡು ಪ್ಲಾಸ್ಟಿಕ್ ಕುರ್ಚಿ, ಇಷ್ಟೇ ನನ್ನ ಆಸ್ತಿ. ಯಾರಿಗೆ ಯಾವ ಅರ್ಜಿ ತುಂಬಿಸಬೇಕಿದ್ದರೂ ನನ್ನ ಹತ್ತಿರವೇ ಬರುತ್ತಾರೆ. ಇಪ್ಪತ್ತು ವರ್ಷದಲ್ಲಿ ಎಷ್ಟು ಅರ್ಜಿ ತುಂಬಿದ್ದೇನೋ ಲೆಕ್ಕವಿಲ್ಲ. ಗೊತ್ತಿದ್ದೂ ತಪ್ಪು ತುಂಬಿದ್ದು ಮಾತ್ರ ಒಂದೇ ಸಲ. ಆ ತಪ್ಪಿನ ಕಥೆಯನ್ನೇ ಈಗ ಹೇಳುತ್ತಿದ್ದೇನೆ. ಅದೇ ತಪ್ಪು ನಿಮ್ಮ ಮನೆಯಲ್ಲೂ ಆಗಬಹುದು ಎಂಬ ಭಯಕ್ಕೆ.

ಸೈಕಲ್ ಅಂಗಡಿಯ ಯಜಮಾನರನ್ನು ಬೀದಿಯವರೆಲ್ಲ ಪಂಕ್ಚರ್ ಮಾವ ಎಂದೇ ಕರೆಯುವುದು. ಅವರ ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಮಗ ದೂರದೂರಿಗೆ ಬಸ್ಸು ಓಡಿಸುತ್ತಾನೆ, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಮಾವನಿಗೆ ಊಟದ ಡಬ್ಬಿ ಕೊಡಲು ಅಂಗಡಿಗೆ ಬರುತ್ತಿದ್ದಳು. ಮೊದಮೊದಲು ಸುಮ್ಮನೆ ಕೂತು ನೋಡಿದಳು. ಆಮೇಲೆ ನಟ್ಟು ಬಿಚ್ಚುವ ಪಾನಾ ಎತ್ತಿಕೊಟ್ಟಳು. ಒಂದು ದಿನ "ಮಾವ, ಆ ಚಕ್ರ ನಾನು ನೋಡ್ಲಾ?" ಎಂದಳು. ಹಾಗೆ ಕೈ ಹಾಕಿದವಳು ಎಂಟು ವರ್ಷದಲ್ಲಿ ಮಾವನನ್ನೇ ಮೀರಿಸಿದಳು. ರಿಮ್ಮಿನ ಬೆಂಡ್ ತೆಗೆಯುವುದರಲ್ಲಂತೂ ಅವಳಿಗೆ ಸಮ ಇರಲಿಲ್ಲ. ಚಕ್ರ ತಿರುಗಿಸಿ ಬಿಟ್ಟು, ಕಡ್ಡಿಗಳ ಮೇಲೆ ಬೆರಳಾಡಿಸಿ, "ಇದು ಸಡಿಲ, ಇದು ಬಿಗಿ" ಎಂದು ಕಣ್ಣು ಮುಚ್ಚಿಕೊಂಡೇ ಹೇಳಿಬಿಡುತ್ತಿದ್ದಳು.

ಅಂಥ ಬೆರಳುಗಳೇ ಅವಳಿಗೆ ಕೈಕೊಟ್ಟವು.

ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಗೆಣ್ಣುಗಳು ಊದಿ ಬಿಸಿಯಾಗಿರುತ್ತಿದ್ದವು. ಹತ್ತು ಗಂಟೆಯಾದ ಮೇಲೆ ಸ್ವಲ್ಪ ಸಡಿಲವಾಗುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಆದರೆ ಮಾವನಿಗೆ ಗೊತ್ತಾಗಿತ್ತು. ನನ್ನ ಅಂಗಡಿಯಿಂದ ಅವರ ಅಂಗಡಿಯ ಒಳಗು ಚೆನ್ನಾಗಿ ಕಾಣುತ್ತದೆ. ಸೊಸೆ ಬರುವುದಕ್ಕೆ ಮುಂಚೆಯೇ ಮಾವ ಬಂದು, ಅವಳ ಪಾಲಿನ ಸೈಕಲ್ಲುಗಳ ಬಿಗಿ ನಟ್ಟುಗಳನ್ನೆಲ್ಲ ಅರ್ಧರ್ಧ ಸಡಿಲಿಸಿ ಇಡುತ್ತಿದ್ದರು.

"ಮಾವ, ಇವತ್ತು ನಟ್ಟು ಬೇಗ ಬಂತು" ಎಂದು ಅವಳು ಹೇಳಿದರೆ, "ಎಲ್ಲಾ ನಿನ್ನ ಕೈಗುಣ ಕಣಮ್ಮಾ" ಎನ್ನುತ್ತಿದ್ದರು. ನಾನು ನೋಡುತ್ತಿದ್ದೇನೆ ಎಂದು ಗೊತ್ತಾದರೆ ಬಾಯಿಗೆ ಬೆರಳಿಟ್ಟು ಸನ್ನೆ ಮಾಡುತ್ತಿದ್ದರು.

ಕೊನೆಗೆ ಒಂದು ದಿನ ಪಾನಾ ಕೈಯಿಂದ ಜಾರಿ ಅವಳ ಕಾಲ ಮೇಲೆ ಬಿತ್ತು. ಮಾವ ಅಂಗಡಿಗೆ ಬೀಗ ಹಾಕಿ ಅವಳನ್ನು ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಆಯಿತು. ಕಾಯಿಲೆಯ ಹೆಸರು ರುಮಟಾಯ್ಡ್ ಆರ್ಥ್ರೈಟಿಸ್ ಅಂತೆ. ಕೀಲುಗಳಿಗೆ ಬರುವ ಕಾಯಿಲೆ, ಆದರೆ ವಯಸ್ಸಾದವರಿಗೆ ಸವೆದು ಬರುವ ಮಂಡಿನೋವಿನ ಥರದ್ದಲ್ಲ.

ಮಾವ ನನಗೆ ವಿವರಿಸಿದ್ದು ಹೀಗೆ: "ನಮ್ಮ ಮೈಯೊಳಗೆ ಒಬ್ಬ ಕಾವಲುಗಾರ ಇರ್ತಾನಂತೆ. ಹೊರಗಿಂದ ರೋಗ ಬಂದ್ರೆ ಹೊಡೆದೋಡಿಸೋದು ಅವನ ಕೆಲ್ಸ. ನಮ್ಮ ಹುಡುಗಿ ಮೈಯೊಳಗಿನ ಕಾವಲುಗಾರನಿಗೆ ತಲೆ ಕೆಟ್ಟಿದೆ. ಮನೆಯವರನ್ನೇ ಹಿಡ್ಕೊಂಡು ಬಡೀತಿದಾನೆ. ಇವಳು ಮಾಡಿದ ತಪ್ಪೇನೂ ಇಲ್ಲ. ಒಬ್ಬರಿಂದ ಒಬ್ಬರಿಗೆ ಅಂಟೋದೂ ಇಲ್ಲ. ಪೂರ್ತಿ ಹೋಗಲ್ಲ, ಆದ್ರೆ ಮಾತ್ರೆ ಬಿಡದೆ ತಗೊಂಡ್ರೆ ಹಿಡಿತದಲ್ಲಿ ಇರುತ್ತೆ ಅಂದ್ರು."

ವಾರಕ್ಕೊಮ್ಮೆ ನುಂಗುವ ಒಂದು ಮಾತ್ರೆ, ದಿನಾ ನುಂಗುವ ಇನ್ನೊಂದು, ಆಗಾಗ ರಕ್ತ ಪರೀಕ್ಷೆ. ಹೀಗೇ ಎರಡು ವರ್ಷ ನಡೆಯಿತು. ಸ್ವಲ್ಪ ದಿನ ಚೆನ್ನಾಗಿತ್ತು, ಮತ್ತೆ ಊತ ಬಂತು. ಆಗ ಡಾಕ್ಟರು, "ಮಾತ್ರೆ ಒಂದೇ ಸಾಲದು. ಒಂದು ಇಂಜೆಕ್ಷನ್ ಶುರು ಮಾಡೋಣ. ತಡ ಮಾಡಿದ್ರೆ ಬೆರಳು ಸೊಟ್ಟಗಾಗ್ಬಹುದು. ಆಮೇಲೆ ನೇರ ಮಾಡೋಕಾಗಲ್ಲ" ಎಂದರು. ಅದರ ಬೆಲೆ ಕೇಳಿ ಇಬ್ಬರೂ ಇಂಜೆಕ್ಷನ್ ಹಾಕಿಸದೆ ಮನೆಗೆ ಬಂದರು.

ಅದೇ ತಿಂಗಳು ಸರ್ಕಾರದ ಆರೋಗ್ಯ ವಿಮೆಗೆ ಹೆಸರು ನೋಂದಾಯಿಸುವ ಸಮಯ. ನಮ್ಮಲ್ಲಿ ವರ್ಷಕ್ಕೊಮ್ಮೆ ಒಂದು ತಿಂಗಳು ಇದಕ್ಕೆ ಅವಕಾಶ. ಎರಡು ಯೋಜನೆ ಇತ್ತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆರಿಸಿಕೊಂಡರೆ ವರ್ಷ ಪೂರ್ತಿ ಅದೇ. ಮೊದಲನೆಯದಕ್ಕೆ ನಾವು ಏನೂ ಕಟ್ಟಬೇಕಾಗಿಲ್ಲ, ಆಸ್ಪತ್ರೆಗೆ ಸೇರಿದರೆ ದೊಡ್ಡ ಮೊತ್ತದವರೆಗೆ ಸರ್ಕಾರ ಕೊಡುತ್ತದೆ. ಎರಡನೆಯದಕ್ಕೆ ಮನೆಯವರು ವರ್ಷಕ್ಕೊಮ್ಮೆ ಸ್ವಲ್ಪ ವಂತಿಗೆ ಕಟ್ಟಬೇಕು, ಆಸ್ಪತ್ರೆಗೆ ಸೇರಿದಾಗ ಸಿಗುವ ಮೊತ್ತವೂ ಚಿಕ್ಕದು. ಆದರೆ ಸೇರದೆ ಡಾಕ್ಟರನ್ನು ಕಂಡು ಬಂದರೂ, ರಕ್ತ ಪರೀಕ್ಷೆ ಮಾಡಿಸಿದರೂ, ಪಟ್ಟಿಯಲ್ಲಿರುವ ಔಷಧಿ ತೆಗೆದುಕೊಂಡರೂ ಅದರಲ್ಲಿ ನಡೆಯುತ್ತದೆ.

ಪಂಕ್ಚರ್ ಮಾವ ಗ್ರೀಸ್ ಮೆತ್ತಿದ ಕೈಯಲ್ಲೇ ನನ್ನ ಅಂಗಡಿಗೆ ಬಂದರು.

"ದೊಡ್ಡದು ಹಾಕು ತಾಯಿ."

"ದೊಡ್ಡದು ಅಂದ್ರೆ?"

"ದೊಡ್ಡ ಮೊತ್ತದ್ದು. ಕೈಯಿಂದ ಕಟ್ಟೋದೂ ಇಲ್ಲ, ಸಿಗೋದೂ ಜಾಸ್ತಿ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ?"

ನನಗೂ ಹಾಗೇ ಅನ್ನಿಸಿತು. ಮನೆಯ ನಾಲ್ಕು ಜನರ ಹೆಸರು ಬರೆದೆ. ಮಾವ, ಮಗ, ಸೊಸೆ, ಎರಡನೆಯ ತರಗತಿಯ ಮೊಮ್ಮಗಳು. ಕೆಳಗೆ ಒಂದು ಪ್ರಶ್ನೆ ಇತ್ತು. ಮನೆಯಲ್ಲಿ ಯಾರಿಗಾದರೂ ದೀರ್ಘಕಾಲದ ಕಾಯಿಲೆ ಇದೆಯೇ? ಹೌದು, ಇಲ್ಲ.

"ಇಲ್ಲ ಅಂತ ಹಾಕು" ಎಂದರು ಮಾವ.

"ಮಾವ, ನಿಮ್ಮ ಸೊಸೆಗೆ..."

"ಇಲ್ಲ ಅಂತ ಹಾಕಮ್ಮಾ." ಅವರ ದನಿ ಸಣ್ಣದಾಯಿತು. ಕುರ್ಚಿ ಎಳೆದುಕೊಂಡು ಕೂತರು. "ನನ್ನ ಹೆಂಡ್ತಿಗೆ ಸಕ್ಕರೆ ಕಾಯಿಲೆ ಇತ್ತು. ಆಗ ಒಂದು ಖಾಸಗಿ ಕಂಪನಿಯವನು ವಿಮೆ ಮಾಡಿಸ್ತೀನಿ ಅಂತ ಮನೆಗೆ ಬಂದಿದ್ದ. ನಾನು ದೊಡ್ಡ ಸತ್ಯವಂತನ ಹಾಗೆ ಎಲ್ಲಾ ಬರೆದುಕೊಟ್ಟೆ. ಹದಿನೈದು ದಿನಕ್ಕೆ ಕಾಗದ ವಾಪಸ್ ಬಂತು. ಮೊದಲಿಂದ ಕಾಯಿಲೆ ಇರೋರಿಗೆ ಆಗಲ್ಲ ಅಂತ. ಅವಳೇ ಓದಿದ್ಲು. ಅವತ್ತಿಂದ ಆಸ್ಪತ್ರೆ ಅಂದ್ರೆ 'ಬೇಡ ಬಿಡಿ, ಸುಮ್ನೆ ಯಾಕೆ ಖರ್ಚು' ಅಂತಿದ್ಲು. ಹಾಗೆ ಅಂತಾ ಅಂತಾನೇ ಹೋಗ್ಬಿಟ್ಲು. ಇನ್ನೊಂದ್ಸಲ ನಾನು ಆ ಥರ ಕಾಗದ ಮನೆಗೆ ತರಲ್ಲ."

ಪೆನ್ನು ಎತ್ತಿದೆ, 'ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿದೆ.

ಸಹಿ ಹಾಕಿಸಲು ಅರ್ಜಿಯನ್ನು ಸೊಸೆಯ ಹತ್ತಿರ ಒಯ್ದೆ. ಮಾವ ಟ್ಯೂಬು ತರಲು ಮಾರುಕಟ್ಟೆಗೆ ಹೋಗಿದ್ದರು. ಅವಳು ಅರ್ಜಿಯನ್ನು ಪೂರ್ತಿ ಓದಿದಳು. ಗುರುತು ಇದ್ದ ಜಾಗದಲ್ಲಿ ಅವಳ ಕಣ್ಣು ನಿಂತಿತು.

"ಅಕ್ಕಾ, ಇದು ಸುಳ್ಳಲ್ವಾ?"

"ನಿಜ ಬರೆದ್ರೆ ಅರ್ಜಿ ವಾಪಸ್ ಬರುತ್ತೆ ಅಂತ ಮಾವ ಹೇಳಿದ್ರು ಕಣೇ."

ಅವಳು ಅರ್ಜಿಯನ್ನು ನನ್ನ ಕಡೆಗೇ ತಳ್ಳಿದಳು. ಆಮೇಲೆ, "ಒಂದು ಕೆಲ್ಸ ಮಾಡಿ ಅಕ್ಕಾ. ನನ್ನ ಹೆಸರೇ ಹೊಡೆದುಹಾಕಿ. ಆಗ ಸುಳ್ಳೂ ಇರಲ್ಲ, ನನ್ನಿಂದ ಉಳಿದವರ ಅರ್ಜಿ ವಾಪಸ್ಸೂ ಬರಲ್ಲ. ಮಾವನಿಗೆ ವಯಸ್ಸಾಗಿದೆ, ಮಗು ಚಿಕ್ಕದು, ಇವರಿಗೆ ಹಗಲೂ ರಾತ್ರಿ ರಸ್ತೆ ಮೇಲೇ ಕೆಲ್ಸ. ಅವರಿಗೆ ಸಿಗ್ಲಿ. ನಂದು ಹೇಗೋ ನಡೆಯುತ್ತೆ" ಎಂದಳು.

ಅಷ್ಟು ಸಲೀಸಾಗಿ ಹೇಳಿದಳು. ಅಂಗಡಿಯ ಲೆಕ್ಕದಿಂದ ಒಂದು ಹಳೆಯ ಟೈರನ್ನು ಬಿಟ್ಟುಬಿಡಿ ಎಂದ ಹಾಗೆ. "ನಾಳೆ ನೋಡೋಣ" ಎಂದು ಅರ್ಜಿ ತೆಗೆದುಕೊಂಡು ಬಂದುಬಿಟ್ಟೆ.

ಮರುದಿನ ಆರೋಗ್ಯ ಕೇಂದ್ರದ ನರ್ಸಮ್ಮ ಕರಪತ್ರಗಳ ಝೆರಾಕ್ಸ್ ಮಾಡಿಸಲು ಬಂದರು. ನಮ್ಮ ನರ್ಸಮ್ಮ ಗಟ್ಟಿಗಿತ್ತಿ. ಇಡೀ ಬೀದಿಯ ಮಕ್ಕಳಿಗೆ ಸೂಜಿ ಚುಚ್ಚಿದ್ದಾರೆ, ಆದರೂ ಮಕ್ಕಳೆಲ್ಲ ಅವರನ್ನು ಕಂಡರೆ ಓಡಿಬರುತ್ತವೆ. ಮಷೀನು ಒಂದೊಂದೇ ಹಾಳೆ ಉಗುಳುತ್ತಿರುವಾಗ ನಾನು ಇದ್ದದ್ದೆಲ್ಲ ಬಾಯಿಬಿಟ್ಟೆ. ಅವರು ಅರ್ಜಿ ಇಸಿದುಕೊಂಡು ನೋಡಿದರು.

"ಎರಡು ತಪ್ಪು ಮಾಡಿದ್ದೀರಿ. ಒಂದು ಕಾಯಿಲೆ ಮುಚ್ಚಿಟ್ಟಿದ್ದು. ಇನ್ನೊಂದು, ಅವಳಿಗೆ ಬೇಡದ ಯೋಜನೆ ಆರಿಸಿದ್ದು."

"ಅದರಲ್ಲಿ ಮೊತ್ತ ಜಾಸ್ತಿ ಇದೆಯಲ್ಲಾ ನರ್ಸಮ್ಮಾ?"

"ಬನ್ನಿ. ಹತ್ತು ನಿಮಿಷ ಅಂಗಡಿ ಮುಚ್ಚಿದ್ರೆ ಊರೇನೂ ಮುಳುಗಲ್ಲ."

ಸೈಕಲ್ ಅಂಗಡಿಯಲ್ಲಿ ಮಾವ ನೀರಿನ ತೊಟ್ಟಿಯಲ್ಲಿ ಟ್ಯೂಬು ಅದ್ದಿ ಗುಳ್ಳೆ ಹುಡುಕುತ್ತಿದ್ದರು. ಸೊಸೆ ಮೂಲೆಯಲ್ಲಿ ಕೂತು ಬ್ರೇಕಿನ ತಂತಿ ಕೂರಿಸಲು ಒದ್ದಾಡುತ್ತಿದ್ದಳು. ನರ್ಸಮ್ಮ ಒಂದು ಮರದ ಪೆಟ್ಟಿಗೆಯನ್ನು ಬೋರಲು ಹಾಕಿ ಅದರ ಮೇಲೆ ಕೂತರು.

"ಮಾವ, ಒಂದು ಕೇಳ್ತೀನಿ. ಗಿರಾಕಿ ಬಂದು ಬ್ರೇಕ್ ಹಿಡೀತಿಲ್ಲ ಅಂದ್ರೆ ನೀವು ಏನ್ ಮಾಡ್ತೀರಿ?"

"ಬ್ರೇಕಿನ ರಬ್ಬರ್ ಕಟ್ಟೆ ಬದಲಾಯಿಸ್ತೀನಿ."

"ದೊಡ್ಡ ಕ್ಯಾರಿಯರ್ ಹಾಕಿ ಕಳಿಸಲ್ವಾ? ಅದು ದೊಡ್ಡದು ಅಲ್ವಾ?"

ಮಾವ ತಲೆ ಎತ್ತಿ ನನ್ನ ಕಡೆ ನೋಡಿದರು. ಚಾಡಿ ಹೇಳಿದವಳು ಯಾರು ಎಂದು ಅವರಿಗೆ ತಿಳಿಯಿತು. ನಾನು ಪಂಪಿನ ಕಡೆ ನೋಡಿದೆ.

ನರ್ಸಮ್ಮ ಸೊಸೆಯ ಕಡೆ ತಿರುಗಿದರು. "ಹೋದ ವರ್ಷ ಎಷ್ಟು ದಿನ ಆಸ್ಪತ್ರೆಲಿ ಅಡ್ಮಿಟ್ ಆಗಿದ್ದೆ?"

"ಒಂದು ದಿನಾನೂ ಇಲ್ಲ."

"ಡಾಕ್ಟರ್ ಹತ್ತಿರ ಎಷ್ಟು ಸಲ ಹೋದೆ?"

ಅವಳು ಬೆರಳೆಣಿಸಲು ಹೋಗಿ, ಬೆರಳು ಮಡಚಲಾಗದೆ, ಬಾಯಲ್ಲೇ ಎಣಿಸಿದಳು. "ಒಂಬತ್ತು. ಅಲ್ಲ, ಹತ್ತು."

"ರಕ್ತ ಪರೀಕ್ಷೆ?"

"ಆರು ಸಲ."

"ಮಾತ್ರೆ?"

"ಅದು ಇದ್ದೇ ಇದೆಯಲ್ಲ. ಎರಡು ಸಲ ಮಾತ್ರ ಒಂದೊಂದು ತಿಂಗಳು ಬಿಟ್ಟಿದ್ದೆ."

"ಬಿಟ್ಟಿದ್ಯಾ?" ಮಾವ ಕೈಯಲ್ಲಿದ್ದ ಟ್ಯೂಬನ್ನು ತೊಟ್ಟಿಗೆ ಬಿಟ್ಟರು. "ಯಾವಾಗ? ನನಗೆ ಯಾಕೆ ಹೇಳ್ಲಿಲ್ಲ?"

"ಶಾಲೆ ಶುರುವಾದ ತಿಂಗಳು ಒಂದ್ಸಲ, ಹಬ್ಬದ ತಿಂಗಳು ಒಂದ್ಸಲ, ಮಾವ. ಆಗೆಲ್ಲಾ ಖರ್ಚು ಜಾಸ್ತಿ ಇತ್ತು."

ನರ್ಸಮ್ಮ ಮೆಲ್ಲಗೆ ಹೇಳಿದರು. "ನೋಡಿ ಮಾವ. ಇವಳ ಖರ್ಚೆಲ್ಲಾ ಮನೆಯಿಂದ ಹೋಗಿ ಬರೋ ಖರ್ಚು. ನೀವು ಆರಿಸಿರೋದರಲ್ಲಿ ಇದು ಒಂದೂ ಸಿಗಲ್ಲ. ಆಸ್ಪತ್ರೆ ಮಂಚದ ಮೇಲೆ ಮಲಗಿದ್ರೆ ಮಾತ್ರ ಸಿಗೋದು ಅದು. ಹಾಗಂತ ಅದು ಕೆಟ್ಟದ್ದಲ್ಲ. ಮನೆಯವರೆಲ್ಲಾ ಗಟ್ಟಿಮುಟ್ಟಾಗಿದ್ರೆ ನಾನೇ ಅದನ್ನ ಹಾಕಿ ಅಂತಿದ್ದೆ. ಇವಳಿಗೆ ಬೇಕಾಗಿರೋದು ಎರಡನೇದು."

"ಸರಿ, ಎರಡನೇದೇ ಹಾಕೋಣ" ಎಂದರು ಮಾವ. "ಆದ್ರೆ ಕಾಯಿಲೆ ವಿಷಯ ಬರೆಯೋದು ಬೇಡ."

"ಬರೀಲೇಬೇಕು."

"ಬರೆದ್ರೆ ವಾಪಸ್ ಕಳಿಸ್ತಾರೆ ನರ್ಸಮ್ಮಾ! ನಾನು ಕಂಡಿದ್ದೀನಿ!"

ಮಾವ ಎದ್ದು ನಿಂತುಬಿಟ್ಟಿದ್ದರು. ನರ್ಸಮ್ಮ ವಾದ ಮಾಡಲಿಲ್ಲ. "ಏನ್ ಕಂಡಿದ್ದೀರಿ ಮಾವ, ಹೇಳಿ" ಎಂದರು. ಮಾವ ಹೆಂಡತಿಯ ಕಥೆಯನ್ನು ಮತ್ತೆ ಹೇಳಿದರು. ಸೊಸೆ ಅದನ್ನು ಕೇಳಿದ್ದು ಅವತ್ತೇ ಮೊದಲು. ಅತ್ತೆ ಸಕ್ಕರೆ ಕಾಯಿಲೆಯಿಂದ ಹೋದರು ಎಂದಷ್ಟೇ ಅವಳಿಗೆ ಗೊತ್ತಿತ್ತು.

"ಆ ಕಾಗದ ಬಂದ ಮೇಲೆ ಅವರು ಆಸ್ಪತ್ರೆ ಬೇಡ ಅಂದ್ರು, ಅಲ್ವಾ?" ಎಂದು ನರ್ಸಮ್ಮ ಕೇಳಿದರು.

"ಹೂಂ. ತಾನು ಮನೆಗೆ ಭಾರ ಅಂದ್ಕೊಂಡ್ಲು."

ಆಗ ನನಗೆ ತಡೆಯಲಾಗಲಿಲ್ಲ. "ಮಾವ, ನಿಮ್ಮ ಸೊಸೆ ನಿನ್ನೆ ಏನಂದ್ಲು ಗೊತ್ತಾ? ಅರ್ಜಿಯಿಂದ ತನ್ನ ಹೆಸರೇ ಹೊಡೆದುಹಾಕಿ ಅಂದ್ಲು. ಉಳಿದವರಿಗೆ ಸಿಗ್ಲಿ ಅಂತ."

"ಅಕ್ಕಾ!" ಎಂದಳು ಸೊಸೆ.

ಮಾವ ಅವಳನ್ನು ನೋಡಿದರು. ಕೋಪ ಬಂದಿತ್ತೋ ಅಳು ಬಂದಿತ್ತೋ ಹೇಳಲಾರೆ. ಹೆಗಲ ಮೇಲಿದ್ದ ಬಟ್ಟೆಯಿಂದ ಒದ್ದೆ ಕೈ ಒರೆಸಿಕೊಂಡು, ಅವಳ ಎದುರು ನೆಲದ ಮೇಲೆಯೇ ಕುಕ್ಕರಗಾಲಲ್ಲಿ ಕೂತರು.

"ನಿನ್ನ ಹೆಸರು ತೆಗೆದ್ರೆ ಆ ಅರ್ಜಿಲಿ ಮನೆ ಅನ್ನೋದು ಎಲ್ಲಿರುತ್ತಮ್ಮಾ? ಒಬ್ಬ ಮುದುಕ, ಊರೂರು ಸುತ್ತೋ ಒಬ್ಬ ಡ್ರೈವರ್ರು, ಒಂದು ಕೂಸು. ಇನ್ನೊಂದ್ಸಲ ಈ ಮಾತು ಬಾಯಲ್ಲಿ ಬಂದ್ರೆ ನಾನು ಈ ಅಂಗಡಿ ಮಾರಿ ಎಲ್ಲಿಗಾದ್ರೂ ಹೊರಟುಹೋಗ್ತೀನಿ, ನೋಡು."

"ಅಂಗಡಿ ಯಾರು ಕೊಂಡ್ಕೋತಾರೆ ಮಾವ, ಸೂರು ಸೋರುತ್ತೆ" ಎಂದಳು ಅವಳು, ಕಣ್ಣೀರು ಒರೆಸಿಕೊಳ್ಳುತ್ತ. ಎಲ್ಲರೂ ನಕ್ಕೆವು. ನಕ್ಕ ಮೇಲೆ ಮಾತು ಸುಲಭವಾಯಿತು.

ನರ್ಸಮ್ಮ ಚೀಲದಿಂದ ಯೋಜನೆಯ ನಿಯಮದ ಹಾಳೆ ತೆಗೆದು ಸೊಸೆಯ ಕೈಗೆ ಕೊಟ್ಟರು. "ನಾನು ಓದಲ್ಲ. ನೀನೇ ಓದು, ಗಟ್ಟಿಯಾಗಿ."

ಸೊಸೆ ಓದಿದಳು. ಮೊದಲಿನಿಂದ ಕಾಯಿಲೆ ಇದೆ ಎಂಬ ಕಾರಣಕ್ಕೆ ಯಾರ ಹೆಸರನ್ನೂ ತಿರಸ್ಕರಿಸುವಂತಿಲ್ಲ ಎಂದು ಅದರಲ್ಲಿತ್ತು. ತಪ್ಪು ಮಾಹಿತಿ ಕೊಟ್ಟರೆ ಹಣ ಪಾವತಿಯನ್ನು ತಡೆಹಿಡಿಯಬಹುದು ಎಂದೂ ಇತ್ತು.

"ನೋಡಿದ್ರಾ? ಅರ್ಜಿಲಿ ಇಲ್ಲ ಅಂತ ಬರೀತೀರಿ, ಆಸ್ಪತ್ರೆ ಕಡತದಲ್ಲಿ ಎರಡು ವರ್ಷದಿಂದ ಕಾಯಿಲೆ ಇದೆ ಅಂತ ಇರುತ್ತೆ. ಎರಡೂ ಒಂದಕ್ಕೊಂದು ತಾಳೆ ಆಗದೆ ಇಂಜೆಕ್ಷನ್ನಿನ ಹೊತ್ತಿಗೆ ತಕರಾರು ಏಳುತ್ತೆ. ನಿಮ್ಮ ಹೆಂಡತಿಗೆ ಆಗಿದ್ದು ಅನ್ಯಾಯಾನೇ ಮಾವ. ಆ ಕಂಪನಿ ನಿಯಮ ಬೇರೆ, ಈ ಯೋಜನೆ ನಿಯಮ ಬೇರೆ."

ಮಾವ ಇನ್ನೂ ಪೂರ್ತಿ ಒಪ್ಪಿರಲಿಲ್ಲ. "ಹಾಳೆಲಿ ಏನ್ ಬೇಕಾದ್ರೂ ಅಚ್ಚು ಹಾಕಬಹುದು. ಬಾಯಲ್ಲಿ ಹೇಳೋರು ಯಾರಾದ್ರೂ ಇದ್ದಾರಾ?"

ಹಾಳೆಯ ಕೆಳಗೆ ಸಹಾಯವಾಣಿಯ ನಂಬರು ಇತ್ತು. ನರ್ಸಮ್ಮ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಹಾಡು ಬಂತು, ಒತ್ತಬೇಕಾದ ನಂಬರುಗಳು ಬಂದವು, ಮತ್ತೆ ಹಾಡು. ಅಷ್ಟರಲ್ಲಿ ಮಾವ ಒಂದು ಪಂಕ್ಚರನ್ನೇ ಹಾಕಿ ಮುಗಿಸಿದರು. ಕೊನೆಗೆ ಒಬ್ಬಳು ಹುಡುಗಿ ಮಾತಾಡಿದಳು. ಕಾಯಿಲೆ ಇದ್ದರೂ ಸೇರಬಹುದು, ಬರೆಯಲೇಬೇಕು ಎಂದು ಅವಳೂ ಹೇಳಿದಳು.

"ಅಮ್ಮಾ, ನೀನು ಹೇಳಿದ್ದನ್ನ ಆಮೇಲೆ ಇಲ್ಲ ಅಂದ್ರೆ ನಾನು ಯಾರನ್ನ ಹುಡುಕ್ಲಿ?" ಎಂದು ಮಾವ ಫೋನಿಗೆ ಬಾಯಿ ಹಚ್ಚಿ ಕೂಗಿದರು.

ಹುಡುಗಿ ನಕ್ಕು, "ಈ ಕರೆಗೆ ಒಂದು ನಂಬರ್ ಇದೆ ತಾತ, ಬರ್ಕೊಳ್ಳಿ" ಎಂದಳು. ಮಾವ ಅದನ್ನು ಬಳಪದಿಂದ ಅಂಗಡಿಯ ಗೋಡೆಯ ಮೇಲೇ ಬರೆದರು.

ಆಮೇಲೆ ನರ್ಸಮ್ಮ ಇನ್ನೂ ಎರಡು ಪ್ರಶ್ನೆ ಕೇಳಿದರು. ಇವಳ ಮಾತ್ರೆ ಪಟ್ಟಿಯಲ್ಲಿ ಇದೆಯಾ? ಎರಡೂ ಇದ್ದವು. ಇಂಜೆಕ್ಷನ್ನೂ ಇತ್ತು, ಆದರೆ ಅದಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕು, ಡಾಕ್ಟರ ಪತ್ರ ಬೇಕು. ಇವಳು ತೋರಿಸುವ ಆಸ್ಪತ್ರೆ ಯೋಜನೆಯ ಒಳಗೆ ಇದೆಯಾ? ಇಲ್ಲಿ ಒಂದು ತೊಡಕು ಬಂತು. ಡಾಕ್ಟರು ಸಂಜೆ ಕೂರುವ ಸ್ವಂತ ಕ್ಲಿನಿಕ್ಕು ಯೋಜನೆಗೆ ಸೇರಿರಲಿಲ್ಲ. ಅದೇ ಡಾಕ್ಟರು ವಾರಕ್ಕೊಂದು ದಿನ ಕೂರುವ ಸರ್ಕಾರಿ ಆಸ್ಪತ್ರೆ ಸೇರಿತ್ತು.

"ಅಲ್ಲಿ ಕ್ಯೂ ಉದ್ದ ಇರುತ್ತೆ" ಎಂದಳು ಸೊಸೆ.

"ಇರುತ್ತೆ. ಅರ್ಧ ದಿನ ಹೋಗುತ್ತೆ. ಅದನ್ನ ನಾನು ಇಲ್ಲ ಅನ್ನಲ್ಲ" ಎಂದರು ನರ್ಸಮ್ಮ.

"ಅರ್ಧ ದಿನ ತಾನೇ? ಅವತ್ತು ಅಂಗಡಿ ನಾನು ನೋಡ್ಕೋತೀನಿ" ಎಂದರು ಮಾವ. ಆಮೇಲೆ ಯೋಚಿಸಿ, "ಬೇಡ, ಅಂಗಡಿ ಮುಚ್ತೀನಿ. ಜೊತೆಗೆ ಬರ್ತೀನಿ" ಎಂದರು.

ನಾನು ಓಡಿಹೋಗಿ ಹೊಸ ಅರ್ಜಿ ತಂದೆ. ಈ ಸಲ 'ಹೌದು' ಎಂಬ ಚೌಕಕ್ಕೆ ಗುರುತು ಹಾಕಿದವಳು ಸೊಸೆಯೇ. ಪೆನ್ನು ಹಿಡಿಯಲು ಕಷ್ಟವಾಯಿತು, ಗುರುತು ಸ್ವಲ್ಪ ಅಡ್ಡಾದಿಡ್ಡಿ ಬಂತು. ಸಂಜೆ ಮಗ ಫೋನ್ ಮಾಡಿದಾಗ ಎಲ್ಲ ಹೇಳಿದೆವು. "ಅಪ್ಪ ಒಪ್ಪಿದ್ರಾ? ನಮ್ಮಪ್ಪಾನಾ?" ಎಂದು ಎರಡು ಸಲ ಕೇಳಿದ.

ಅರ್ಜಿ ಕೊಡುವ ದಿನ ವಿಮೆಯ ಕಚೇರಿಯಲ್ಲಿ ಜನವೋ ಜನ. ನಮ್ಮ ಸರದಿ ಬಂದಾಗ ಗುಮಾಸ್ತರು ಕನ್ನಡಕ ಏರಿಸಿ ಕೇಳಿದರು. "ದೀರ್ಘಕಾಲದ ಕಾಯಿಲೆ ಅಂತ ಹಾಕಿದ್ದೀರಿ. ಸರಿಯಾಗಿದೆ ತಾನೇ?"

"ಸರಿಯಾಗಿದೆ!" ಮಾವನ ದನಿ ಕಚೇರಿಗೆಲ್ಲ ಕೇಳಿಸಿತು. "ನನ್ನ ಸೊಸೆಗೆ ಕಾಯಿಲೆ ಇದೆ. ಕೀಲಿಂದು. ದೊಡ್ಡಕ್ಷರದಲ್ಲಿ ಬರ್ಕೊಳ್ಳಿ!"

ಕ್ಯೂ ಪೂರ್ತಿ ನಮ್ಮ ಕಡೆ ತಿರುಗಿತು. ಸೊಸೆ ಸೆರಗಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ನಾವು ಹೊರಗೆ ಬರುವಾಗ ಹಿಂದೆ ನಿಂತಿದ್ದ ಒಬ್ಬ ಬಡಗಿ, ಇಪ್ಪತ್ತೈದರ ಹುಡುಗ, ನನ್ನನ್ನು ಪಕ್ಕಕ್ಕೆ ಕರೆದ. "ಅಕ್ಕಾ, ನನಗೂ ಒಂದು ಕರುಳಿನ ಕಾಯಿಲೆ ಇದೆ. ಮೈಯೇ ಮೈಗೆ ತಿರುಗಿ ಬೀಳೋ ಥರದ್ದಂತೆ. ಯಾರಿಗೂ ಹೇಳಿಲ್ಲ. ಅರ್ಜಿಲಿ ಇಲ್ಲ ಅಂತ ಹಾಕಿದ್ದೀನಿ. ಈಗ ತಿದ್ದಬಹುದಾ?" ನಾನು ಕಿವಿಯ ಹಿಂದಿನಿಂದ ಪೆನ್ನು ತೆಗೆದು ಕೊಟ್ಟೆ.

ವಿಮೆಯ ಕಾರ್ಡು ಬಂತು. ಡಾಕ್ಟರು ಇಂಜೆಕ್ಷನ್ನಿಗೆ ಪತ್ರ ಬರೆದರು. ಮೊದಲನೆಯ ಸಲ ಅದು ವಾಪಸ್ ಬಂತು. ಮಾವ ಆ ಕಾಗದ ಹಿಡಿದು ನನ್ನ ಅಂಗಡಿಯ ಬಾಗಿಲಲ್ಲಿ ನಿಂತಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. "ಬಂತು ನೋಡು. ಅದೇ ಕಾಗದ" ಎಂದರು.

ನರ್ಸಮ್ಮನನ್ನು ಕರೆಸಿದೆ. ಅವರು ಓದಿ ಹೇಳಿದರು. "ಮಾವ, ಆಗಲ್ಲ ಅಂದಿಲ್ಲ. ಇಲ್ಲಿವರೆಗೆ ಯಾವ ಯಾವ ಮಾತ್ರೆ ತಗೊಂಡಿದ್ದಾಳೆ ಅಂತ ವಿವರ ಇಲ್ಲ, ಸೇರಿಸಿ ಕಳಿಸಿ ಅಂದಿದ್ದಾರೆ. ಆಗಲ್ಲ ಅನ್ನೋದು ಬೇರೆ, ಕಾಗದ ಕಮ್ಮಿ ಇದೆ ಅನ್ನೋದು ಬೇರೆ."

ಪುಣ್ಯಕ್ಕೆ ಸೊಸೆ ಎರಡು ವರ್ಷದ ಚೀಟಿಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದಳು. ಎಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸಿ ಝೆರಾಕ್ಸ್ ಮಾಡಿದೆ. ಎರಡನೆಯ ಸಲ ಕಳಿಸಿದ ಮೂರನೆಯ ವಾರಕ್ಕೆ ಅನುಮತಿ ಬಂತು.

ಇಂಜೆಕ್ಷನ್ ಶುರುವಾಗಿ ಈಗ ಏಳು ತಿಂಗಳು. ಕಾಯಿಲೆ ಹೋಗಿದೆ ಎಂದು ನಾನು ಹೇಳುವುದಿಲ್ಲ. ಆಸ್ಪತ್ರೆಯ ಕ್ಯೂ ಇದ್ದೇ ಇದೆ, ಕೆಲವು ಬೆಳಿಗ್ಗೆ ಈಗಲೂ ಬೆರಳು ಹಟ ಹಿಡಿಯುತ್ತವೆ. ಎಡಗೈಯ ಕಿರುಬೆರಳು ಸ್ವಲ್ಪ ಸೊಟ್ಟಗಾಗಿದ್ದು ಹಾಗೇ ಉಳಿಯಿತು. ಉಳಿದ ಬೆರಳುಗಳ ಊತ ಇಳಿದಿದೆ.

ಹೋದ ವಾರ ಶಾಲೆಯ ಹೊತ್ತಿಗೆ ಸೈಕಲ್ ಅಂಗಡಿಯಿಂದ ಮೊಮ್ಮಗಳ ಗಲಾಟೆ ಕೇಳಿಸಿತು. ಹೋಗಿ ನೋಡಿದರೆ, ಸೊಸೆ ಮಗಳನ್ನು ಮಣೆಯ ಮೇಲೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದಾಳೆ. ಒಂದೂವರೆ ವರ್ಷದಿಂದ ಆ ಕೂದಲಿಗೆ ಅವಳ ಬೆರಳು ಬಾಗಿರಲಿಲ್ಲ. ಅಲ್ಲಿಯವರೆಗೆ ತಾತನೇ ಹೇಗೋ ಒಂದು ರಬ್ಬರ್ ಬ್ಯಾಂಡ್ ಸುತ್ತಿ ಕಳಿಸುತ್ತಿದ್ದರು.

"ತಾತಾ, ಅಮ್ಮ ತುಂಬಾ ಬಿಗಿಯಾಗಿ ಹಾಕ್ತಾಳೆ! ನೋಯುತ್ತೆ! ನೀನೇ ಕಟ್ಟು!" ಎಂದು ಮಗು ಕಿರುಚುತ್ತಿತ್ತು.

"ಬಿಗಿಯಾಗಿ ಹಾಕ್ತಾಳಾ?" ಎಂದರು ಪಂಕ್ಚರ್ ಮಾವ. ಅವರ ಕಣ್ಣು ತುಂಬಿತ್ತು. "ಹಾಕ್ಲಿ ಬಿಡು. ಚೆನ್ನಾಗಿ ಬಿಗಿಯಾಗೇ ಹಾಕ್ಲಿ."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಹೀಗೆ ಹೋಗದ ಕಾಯಿಲೆಯೊಂದನ್ನು ಇಟ್ಟುಕೊಂಡು ದಿನ ದೂಡುವವರು ಇರಬಹುದು. ಕೀಲಿನದ್ದಿರಲಿ, ಚರ್ಮದ್ದಿರಲಿ, ಕರುಳಿನದ್ದಿರಲಿ, ಮುಚ್ಚಿಡಬೇಡಿ. ನಿಮ್ಮ ಕಡೆ ಯಾವ ಯೋಜನೆ ಇದೆ, ಅದರ ನಿಯಮ ಏನು ಎಂದು ಆರೋಗ್ಯ ಕೇಂದ್ರದಲ್ಲೋ ಸಹಾಯವಾಣಿಯಲ್ಲೋ ವಿಚಾರಿಸಿ. ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಆದ್ದರಿಂದ ನನ್ನ ಮಾತನ್ನೇ ನಂಬಿ ಕೂರಬೇಡಿ. ದೊಡ್ಡ ಮೊತ್ತ ನೋಡಿ ಮರುಳಾಗುವ ಮೊದಲು, ಹೋದ ವರ್ಷ ನಿಮ್ಮ ಖರ್ಚು ಎಲ್ಲೆಲ್ಲಿ ಹೋಯಿತು ಎಂದು ಮನೆಯವರೆಲ್ಲ ಕೂತು ನೆನಪಿಸಿಕೊಳ್ಳಿ. ಆಸ್ಪತ್ರೆಗೆ ಸೇರದೆ ಡಾಕ್ಟರನ್ನು ಕಂಡರೂ ಸಿಗುತ್ತದೆಯೇ, ನಿಮ್ಮ ಮಾತ್ರೆ ಪಟ್ಟಿಯಲ್ಲಿದೆಯೇ, ನಿಮ್ಮ ಡಾಕ್ಟರು ಕೂರುವ ಆಸ್ಪತ್ರೆ ಸೇರಿದೆಯೇ ಎಂದು ಕೇಳಿ. ಹಳೆಯ ಚೀಟಿಗಳನ್ನು ಎಸೆಯಬೇಡಿ. ಅರ್ಜಿ ವಾಪಸ್ ಬಂದರೆ ಯಾಕೆ ಬಂತು ಎಂದು ಓದಿಸಿಕೊಂಡು ಮತ್ತೆ ಕಳಿಸಿ.

ಮನೆಯಲ್ಲಿ ಯಾರಾದರೂ "ನನ್ನ ಹೆಸರು ಬೇಡ ಬಿಡಿ" ಎಂದರೆ, ಅವರ ಹೆಸರನ್ನೇ ಎಲ್ಲರಿಗಿಂತ ಮೊದಲು ಬರೆಯಿರಿ. ಕೊನೆಯ ದಿನ ಯಾವುದು ಎಂದು ಇವತ್ತೇ ಕೇಳಿಕೊಂಡು ಬನ್ನಿ.